ಬಿಸಿಯಾದ್ಮೇಲೆ ಆಫ್ ಆಗೋ ಹಳೆ ಲಾರಿ: ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ?

ಇವತ್ತಿನ ಎಪಿಸೋಡ್ ನಮ್ಮ ಮಾವನ ಹಳೇ ಡೀಸೆಲ್ ಮಿನಿ ಲಾರಿ ಬಗ್ಗೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ಮುಳಬಾಗಿಲು ಕಡೆಯಿಂದ ಟೊಮೆಟೊ ತುಂಬ್ಕೊಂಡು ಬೆಂಗಳೂರಿಗೆ ಹೊರಟ್ರೆ ಕೋಲಾರ ದಾಟೋವರೆಗೂ ಏನೂ ತೊಂದ್ರೆ ಇಲ್ಲ. ನರಸಾಪುರ ಹತ್ತಿರ ಬರೋ ಹೊತ್ತಿಗೆ ಎಂಜಿನ್ ಆಫ್. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಮತ್ತೆ ಸ್ಟಾರ್ಟ್. ಸ್ವಲ್ಪ ದೂರ ಓಡಿ ಮತ್ತೆ ಆಫ್. ಮೂರನೇ ಸಲ ಹೀಗಾದಾಗ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮುಗಿದ ಮೇಲೆ ತಲುಪಿದ್ವಿ. ಸಿಕ್ಕ ದುಡ್ಡು ಡೀಸೆಲ್ ಖರ್ಚಿಗೂ ಸಾಲಲಿಲ್ಲ.

ಮೆಕ್ಯಾನಿಕ್ ಒಬ್ಬರು ನೋಡಿ, ಪಂಪ್ ಹೋಗಿದೆ, ಪೂರ್ತಿ ಬಿಚ್ಚಬೇಕು ಅಂದ್ರು. ಹತ್ತಾರು ಸಾವಿರದ ಮಾತು. ಮಾವ ಲಾರಿ ಮಾರೋ ಯೋಚನೆಗೆ ಬಂದಿದ್ರು.

ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ ಮಾಡಿದವನು. ಆದ್ರೆ ಲೆಕ್ಕ ತಾಳೆಯಾಗದಿದ್ರೆ ಎಲ್ಲಿ ತಪ್ಪಿದೆ ಅಂತ ಒಂದೊಂದೇ ಸಾಲು ನೋಡೋ ಅಭ್ಯಾಸ ಇದೆ. ಅದನ್ನೇ ಇಲ್ಲೂ ಮಾಡಿದ್ವಿ.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳಿಯನ್ನ ಜೋರಾಗಿ ಒತ್ತಿದಾಗ ಹುಟ್ಟೋ ಶಾಖಕ್ಕೇ ಡೀಸೆಲ್ ಹತ್ಕೊಳ್ಳುತ್ತೆ. ಹಾಗಾಗಿ ಓಡ್ತಿದ್ದ ಹಳೇ ಡೀಸೆಲ್ ಬಂಡಿ ತಾನಾಗೇ ನಿಂತ್ರೆ ಮೊದಲ ಅನುಮಾನ ಡೀಸೆಲ್ ಮೇಲೆ: ಎಂಜಿನ್ನಿಗೆ ಅದು ತಲುಪ್ತಿಲ್ಲ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿದ್ರೆ ಅದು ಬೇರೆ ಕಥೆ, ಆಗ ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ. ನಮ್ಮದರಲ್ಲಿ ಮುಳ್ಳು ಮಧ್ಯದಲ್ಲೇ ಇತ್ತು.

ಮಾವನಿಗೆ ನಾನು ಕೇಳಿದ ಪ್ರಶ್ನೆ ಒಂದೇ: ಹೇಗೆ ನಿಲ್ಲುತ್ತೆ? ಜರ್ಕ್ ಹೊಡೆದು, ಎಳೆತ ಕಮ್ಮಿಯಾಗಿ ನಿಧಾನಕ್ಕೆ ಸಾಯುತ್ತಾ, ಇಲ್ಲ ಒಂದೇ ಸಲಕ್ಕಾ? "ಯಾರೋ ಕೀ ಕಿತ್ಕೊಂಡ ಹಾಗೆ" ಅಂದ್ರು. ಅರ್ಧ ಉತ್ತರ ಅಲ್ಲೇ ಸಿಕ್ತು ನೋಡಿ.

ನಿಧಾನಕ್ಕೆ ಸಾಯೋದಾದ್ರೆ ಹೆಚ್ಚಾಗಿ ಫಿಲ್ಟರ್ ಕಟ್ಟಿರುತ್ತೆ, ಪೈಪಿನಲ್ಲಿ ಗಾಳಿ ಎಳೀತಿರುತ್ತೆ, ಅಥವಾ ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿರುತ್ತೆ. ಈ ಕೊನೇದು ನೋಡೋಕೆ ಖರ್ಚೇ ಇಲ್ಲ. ಬಂಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ, ಬುಸ್ ಅಂತ ಗಾಳಿ ಒಳಗೆ ಎಳೆದ್ರೆ ತಪ್ಪು ಸಿಕ್ಕಿದ ಹಾಗೆ. ಪೈಪಿನ ಗಾಳಿಗೆ ಫಿಲ್ಟರ್ ಮತ್ತು ಪಂಪ್ ಮಧ್ಯೆ ಪಾರದರ್ಶಕ ಟ್ಯೂಬ್ ತುಂಡು ಹಾಕಿ ನೋಡಬೇಕು, ಗುಳ್ಳೆ ಕಾಣುತ್ತೆ. ನಾವು ಎರಡೂ ನೋಡಿದ್ವಿ. ಏನೂ ಇಲ್ಲ.

ಹಾಗಾದ್ರೆ ಪಂಪ್? ಮೆಕ್ಯಾನಿಕ್ ಅನುಮಾನ ಪಟ್ಟಿದ್ದು ಸುಮ್ಮನೆ ಅಲ್ಲ. ಇಂಜೆಕ್ಷನ್ ಪಂಪಿನ ಒಳಭಾಗಗಳ ಮಧ್ಯೆ ಇರೋ ಸಂದು ಕೆಲವೇ ಮೈಕ್ರಾನ್. ಸವೆದ ಪಂಪಿನಲ್ಲಿ ಬಿಸಿ ಡೀಸೆಲ್ ತೆಳ್ಳಗಾಗಿ ಆ ಸಂದಿನಲ್ಲೇ ವಾಪಸ್ ಸೋರುತ್ತೆ. ಆದ್ರೆ ಈ ಕಾಯಿಲೆ ಹೆಚ್ಚಾಗಿ ಕಾಣೋದು ಐಡ್ಲಿಂಗಿನಲ್ಲಿ, ಮತ್ತೆ ಬಿಸಿಯಲ್ಲಿ ಸೆಲ್ಫ್ ಹೊಡೆದಾಗ. ಯಾಕಂದ್ರೆ ಆಗ ಪಂಪ್ ನಿಧಾನಕ್ಕೆ ತಿರುಗುತ್ತೆ, ಸೋರೋಕೆ ಸಮಯ ಸಿಗುತ್ತೆ. ಹೈವೇಲಿ ಓಡ್ತಿರೋ ಬಂಡಿ ಕೀ ಕಿತ್ತ ಹಾಗೆ ನಿಲ್ಲೋದು ಇದಕ್ಕೆ ಹೊಂದಲ್ಲ. (ಬಿಸಿ ಪಂಪ್ ಮೇಲೆ ತಣ್ಣೀರು ಸುರಿದು ಪರೀಕ್ಷೆ ಮಾಡೋರಿದ್ದಾರೆ. ಒಳಗೆ ಹಿಡ್ಕೊಂಡ್ರೆ ಇರೋ ಪಂಪೂ ಹೋಗುತ್ತೆ. ಒದ್ದೆ ಬಟ್ಟೆ ಸಾಕು.)

ಉಳಿದಿದ್ದು ಸ್ಟಾಪ್ ಸೊಲೆನಾಯ್ಡ್. ಎಲ್ಲಾ ಲಾರಿಗಳಲ್ಲೂ ಇರಲ್ಲ, ಕೆಲವಕ್ಕೆ ಎಳೆಯೋ ಕೇಬಲ್ ಇರುತ್ತೆ. ನಮ್ಮದು ರೋಟರಿ ಪಂಪ್, ಅದರ ಮೇಲೆ ಹೆಬ್ಬೆರಳು ಗಾತ್ರದ ಕಾಯಿಲ್ ಕೂತಿದೆ. ಕೀ ಆನ್ ಮಾಡಿದಾಗ ಕರೆಂಟ್ ಬಂದು ಒಳಗಿನ ಮುಳ್ಳನ್ನ ಎತ್ತಿ ಡೀಸೆಲ್ಲಿಗೆ ದಾರಿ ಬಿಡುತ್ತೆ. ಕರೆಂಟ್ ಹೋದ್ರೆ ಸ್ಪ್ರಿಂಗ್ ಮುಳ್ಳನ್ನ ಕೆಳಗೆ ತಳ್ಳುತ್ತೆ, ದಾರಿ ಬಂದ್. ತಾಮ್ರದ ತಂತಿ ಬಿಸಿಯಾದ್ರೆ ರೆಸಿಸ್ಟೆನ್ಸ್ ಏರುತ್ತೆ, 60 ಡಿಗ್ರಿ ಹೆಚ್ಚಾದ್ರೆ ಹೆಚ್ಚುಕಮ್ಮಿ ಕಾಲು ಭಾಗದಷ್ಟು. ಹಳೇ ಕಾಯಿಲ್ಲಿನಲ್ಲಿ ಕೂದಲೆಳೆ ಬಿರುಕು ಇದ್ರಂತೂ ಬಿಸಿಗೆ ಹಿಗ್ಗಿ ಸಂಪರ್ಕವೇ ತಪ್ಪುತ್ತೆ, ತಣ್ಣಗಾದ್ರೆ ಮತ್ತೆ ಕೂಡುತ್ತೆ. ಅದೇ ಆ ಅರ್ಧ ಗಂಟೆ.

ಮುಂದಿನ ಸಲ ಖಾಲಿ ಲಾರಿ ತಗೊಂಡು ಹೋಗಿ ಬೇಕಂತಲೇ ಕೆಡಿಸಿದ್ವಿ. ನಿಂತ ತಕ್ಷಣ ಎಡಕ್ಕೆ ಹಾಕಿ, ಹಜಾರ್ಡ್ ಲೈಟ್ ಆನ್, ಚಕ್ರಕ್ಕೆ ಕಲ್ಲು. ಕೀ ಆನ್ ಇಟ್ಟು ಸೊಲೆನಾಯ್ಡ್ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದ್ರೆ ಉರೀತು. ಅಂದ್ರೆ ಕೀ, ಫ್ಯೂಸ್, ವೈರ್ ಸರಿ ಇದೆ. ವೈರ್ ಬಿಚ್ಚಿ ಮತ್ತೆ ಮುಟ್ಟಿಸಿದ್ರೆ ಟಕ್ ಅನ್ನಬೇಕು. ಅನ್ನಲಿಲ್ಲ. ಇಪ್ಪತ್ತೈದು ನಿಮಿಷ ಆದ್ಮೇಲೆ ಮುಟ್ಟಿಸಿದ್ರೆ, ಟಕ್! ಮಾವ ನಕ್ಕಿದ್ದು ಎಷ್ಟೋ ವಾರದ ಮೇಲೆ.

ಒಳಗಿನ ಮುಳ್ಳು ತೆಗೆದು ಬಂಡಿ ಮನೆಗೆ ತರೋ ಜುಗಾಡ್ ಡ್ರೈವರುಗಳಿಗೆ ಗೊತ್ತು. ಆದ್ರೆ ಆಮೇಲೆ ಕೀ ಆಫ್ ಮಾಡಿದ್ರೂ ಎಂಜಿನ್ ನಿಲ್ಲಲ್ಲ, ಗೇರಿಗೆ ಹಾಕಿ ಕ್ಲಚ್ ಬಿಟ್ಟೇ ನಿಲ್ಲಿಸಬೇಕು. ಲೋಡ್ ಇರೋವಾಗ ನಾನಂತೂ ಅದನ್ನ ಮಾಡಲ್ಲ.

ಹೊಸ ಸೊಲೆನಾಯ್ಡ್ ಬಿಲ್ಲು ಪಂಪ್ ಓವರ್‌ಹಾಲ್ ಮುಂದೆ ಚಿಲ್ಲರೆ. ತಗೊಳ್ಳೋವಾಗ ನಿಮ್ಮ ಬಂಡಿ 12 ವೋಲ್ಟಾ 24 ವೋಲ್ಟಾ ನೋಡ್ಕೊಳ್ಳಿ, ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಅಂಗಡಿಗೆ ಹೋಗಿ. ಹಾಕಿದ್ಮೇಲೆ ಎರಡು ಗಂಟೆ ಓಡಿಸಿದ್ವಿ, ನಿಲ್ಲಲಿಲ್ಲ. ಮಾರನೇ ದಿನ ರಾತ್ರಿ ಮಾವ ಟೊಮೆಟೊ ತುಂಬಿಸಿದ್ರು.