ಮೂವತ್ತು ವಾಟಿನ ಆಕಾಶವಾಣಿ

ಮೈಸೂರಿನ ಒಂಟಿಕೊಪ್ಪಲಿನಲ್ಲಿ 'ವಿಠ್ಠಲ ವಿಹಾರ' ಎಂಬ ಮನೆಯಿಂದ 1935ರ ಸೆಪ್ಟೆಂಬರ್ 10ರಂದು ರೇಡಿಯೋ ಪ್ರಸಾರ ಶುರುವಾಯಿತು. ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್, ಅಂದರೆ ಅಡುಗೆಮನೆಯ ಒಂದು ಮಂಕು ಬಲ್ಬಿನಷ್ಟು. ಮನೆಯ ಯಜಮಾನರು ಎಂಜಿನಿಯರೂ ಅಲ್ಲ, ರೇಡಿಯೋ ಮಾರುವ ವ್ಯಾಪಾರಿಯೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು.

ಆಗ ದೇಶದಲ್ಲಿ ರೇಡಿಯೋದ ಹಣೆಬರಹ ಅಷ್ಟೇನೂ ಚೆನ್ನಾಗಿರಲಿಲ್ಲ. 1927ರ ಜುಲೈನಲ್ಲಿ ಮುಂಬಯಿಯಲ್ಲಿ, ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಒಂದೂವರೆ ಕಿಲೋವಾಟಿನ ಎರಡು ನಿಲಯಗಳನ್ನು ತೆರೆಯಿತು. ಮೂರು ವರ್ಷ ತುಂಬುವ ಮೊದಲೇ ಕಂಪನಿ ದಿವಾಳಿಯೆದ್ದಿತು. ರೇಡಿಯೋ ಪೆಟ್ಟಿಗೆ ಇಟ್ಟುಕೊಂಡವರು ವರ್ಷಕ್ಕೆ ಕೊಡಬೇಕಿದ್ದ ಹತ್ತು ರೂಪಾಯಿ ಲೈಸೆನ್ಸಿನಲ್ಲಿ ಬರುವ ಪಾಲನ್ನೇ ಅದು ನಂಬಿತ್ತು. ಲೈಸೆನ್ಸ್ ಮಾಡಿಸಿದವರು ಕೆಲವೇ ಸಾವಿರ ಮಂದಿ. 1930ರ ಏಪ್ರಿಲ್‌ನಲ್ಲಿ ಸರ್ಕಾರ ಅರೆಮನಸ್ಸಿನಿಂದ ಆ ನಿಲಯಗಳನ್ನು ವಹಿಸಿಕೊಂಡಿತು. ಅದಕ್ಕೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು 1936ರ ಜೂನ್ 8ರಂದು. ಅಷ್ಟು ಹೊತ್ತಿಗೆ ಒಂಟಿಕೊಪ್ಪಲಿನ ನಿಲಯಕ್ಕೆ ಒಂಬತ್ತು ತಿಂಗಳು ತುಂಬುತ್ತಿತ್ತು.

ಕಲ್ಕತ್ತೆ, ಮುಂಬಯಿಯಂಥ ಊರುಗಳಲ್ಲಿ ಕಂಪನಿಯೇ ಮುಳುಗಿದ ಕೆಲಸ ಮೈಸೂರಿನ ಒಬ್ಬ ಮೇಷ್ಟರಿಗೆ ಹೇಗೆ ಸಾಧ್ಯವಾಯಿತು? ಅವರದು ಲಾಭದ ಲೆಕ್ಕವಲ್ಲ ಎನ್ನುವುದು ಒಂದು ಉತ್ತರ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನೆರೆಹೊರೆ. ಪ್ರಸಾರಕ್ಕೆ ಬೇಕಾದ ಕಂಠ, ವಾದ್ಯ, ವಿದ್ವತ್ತು ಎಲ್ಲವೂ ಆ ಊರಿನಲ್ಲಿ ನಡೆದು ಹೋಗುವಷ್ಟು ದೂರದಲ್ಲಿದ್ದವು. ಮೊದಲ ದಿನದ ಪ್ರಸಾರದಲ್ಲಿ ಕವಿತೆ ಓದಿದ ಕುವೆಂಪು ಆಗ ಅದೇ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು, ವಯಸ್ಸು ಮೂವತ್ತು. ಅರಮನೆಯ ಆಶ್ರಯದಲ್ಲಿ ಬೆಳೆದ ಸಂಗೀತ ವಿದ್ವಾಂಸರ ದಂಡೇ ಊರಿನಲ್ಲಿತ್ತು. ದೊಡ್ಡ ನಿಲಯಗಳು ಹಣ ಕೊಟ್ಟು ಕರೆಸಬೇಕಾದವರು ಇಲ್ಲಿ ಸಂಜೆ ತಿರುಗಾಟಕ್ಕೆ ಹೊರಟರೆ ಎದುರಾಗುತ್ತಿದ್ದರು. ನಿಲಯದ ಖರ್ಚಿಗೆ ಗೋಪಾಲಸ್ವಾಮಿಯವರ ಸ್ವಂತ ದುಡ್ಡು, ಮೇಲೆ ಊರವರ ಮತ್ತು ಪುರಸಭೆಯ ನೆರವು.

'ಆಕಾಶವಾಣಿ' ಎಂದು ಹೆಸರಿಟ್ಟವರು ಯಾರು ಎಂಬ ಮಾತಿನಲ್ಲಿ ಗೋಪಾಲಸ್ವಾಮಿಯವರ ಹೆಸರೂ ನಗೆಬರಹಗಾರ ನಾ. ಕಸ್ತೂರಿಯವರ ಹೆಸರೂ ಕೇಳಿಬರುತ್ತವೆ. ಕಸ್ತೂರಿಯವರು ನಿಲಯದ ಒಡನಾಡಿಯಾಗಿದ್ದರು, ಪದಗಳ ಜೊತೆ ಆಟವಾಡುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಹಾಗಾಗಿ ಅವರ ಕಡೆಗೆ ನನ್ನ ಒಲವು ಸ್ವಲ್ಪ ಹೆಚ್ಚು.

ಈಗ ಆ 30 ವಾಟಿನ ವಿಚಾರ. ಅದು ಎಎಂ ಪ್ರಸಾರ. ನಿಲಯ ಒಂದೇ ಗತಿಯಲ್ಲಿ ಕಂಪಿಸುವ ವಾಹಕ ಅಲೆಯೊಂದನ್ನು ಕಳಿಸುತ್ತಲೇ ಇರುತ್ತದೆ. ಮೈಕಿನ ಮುಂದೆ ದನಿ ಏರಿದಾಗ ಆ ಅಲೆಯ ಎತ್ತರ ಹೆಚ್ಚುತ್ತದೆ, ಇಳಿದಾಗ ಕುಗ್ಗುತ್ತದೆ. ಮನೆಯ ರೇಡಿಯೋ ಈ ಏರಿಳಿತವನ್ನಷ್ಟೇ ಹೆಕ್ಕಿ ಸ್ಪೀಕರಿಗೆ ಕೊಡುತ್ತದೆ. ಇದರಷ್ಟು ಸರಳ ವ್ಯವಸ್ಥೆ ಇನ್ನೊಂದಿಲ್ಲ. ನಾಲ್ಕಾರು ವಾಲ್ವ್‌ಗಳಿದ್ದರೆ ರೇಡಿಯೋ ಸಿದ್ಧ. ತೊಂದರೆಯೂ ಆ ಸರಳತೆಯಲ್ಲೇ ಇದೆ. ಮುಂಗಾರಿನ ಮಿಂಚು, ಪಕ್ಕದ ಮನೆಯ ಮೋಟಾರು ಇವೂ ಅಲೆಯ ಎತ್ತರವನ್ನೇ ಕೆಡಿಸುವುದರಿಂದ ಸಂಗೀತವನ್ನೂ ಗರಗರ ಸದ್ದನ್ನೂ ರೇಡಿಯೋ ಒಂದೇ ಶ್ರದ್ಧೆಯಿಂದ ನುಡಿಸುತ್ತದೆ. ಇದಕ್ಕೆ ಮದ್ದಾದ ಎಫ್‌ಎಂ ವಿಧಾನವನ್ನು ಎಡ್ವಿನ್ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿನ ಎಂಜಿನಿಯರುಗಳ ಮುಂದೆ ತೋರಿಸಿದ್ದು ಅದೇ 1935ರ ನವೆಂಬರಿನಲ್ಲಿ. ಅದು ಮೈಸೂರಿಗೆ ಬರಲು ದಶಕಗಳೇ ಬೇಕಾದವು.

ಶಕ್ತಿ ಹೆಚ್ಚಿಸಿದರೆ ದೂರವೂ ಅಷ್ಟೇ ಹೆಚ್ಚುತ್ತದೆ ಎಂದು ನಾವು ಎಣಿಸುತ್ತೇವೆ. ಲೆಕ್ಕ ಹಾಗಿಲ್ಲ. ಟ್ರಾನ್ಸ್‌ಮಿಟರಿನ ಶಕ್ತಿ ನಾಲ್ಕು ಪಟ್ಟಾದರೆ ಒಂದು ಜಾಗದಲ್ಲಿ ಸಿಗುವ ಅಲೆಯ ಬಲ ಎರಡೇ ಪಟ್ಟಾಗುತ್ತದೆ. ಗೋಪಾಲಸ್ವಾಮಿಯವರು ಮುಂದೆ 250 ವಾಟಿನ ಟ್ರಾನ್ಸ್‌ಮಿಟರ್ ತರಿಸಿದರು. ಶಕ್ತಿ ಎಂಟು ಪಟ್ಟಿಗೂ ಮೇಲಾಯಿತು, ಅಲೆಯ ಬಲ ಮೂರು ಪಟ್ಟೂ ತುಂಬಲಿಲ್ಲ. ಖರ್ಚು ಮಾಡುವವರಿಗೆ ಇದು ಹೊಟ್ಟೆಯುರಿಸುವ ಗಣಿತ.

ರಾತ್ರಿಯ ಕಾಟ ಬೇರೆ. ಮಧ್ಯಮ ತರಂಗದ ಅಲೆಗಳು ಹಗಲಿನಲ್ಲಿ ನೆಲವನ್ನು ತಬ್ಬಿಕೊಂಡು ಸಾಗುತ್ತವೆ. ಮೇಲಕ್ಕೆ ಹೋದವನ್ನು ಅಯಾನುಗೋಳದ ಕೆಳಪದರ ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಮೇಲೇರಿದ ಅಲೆಗಳು ಇನ್ನೂ ಎತ್ತರದ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಕೇಳುಗರಿಗೆ ಇದು ಹಬ್ಬ, ಎಲ್ಲೆಲ್ಲಿಯ ನಿಲಯಗಳೋ ಸಿಗುತ್ತವೆ. ಸಣ್ಣ ನಿಲಯಕ್ಕೆ ಮಾತ್ರ ಪೀಕಲಾಟ: ಹಗಲೆಲ್ಲ ಸ್ವಚ್ಛವಾಗಿ ಕೇಳುತ್ತಿದ್ದ ಊರ ದನಿಯ ಮೇಲೆ ಹತ್ತಿರದ ಕಂಪನಾಂಕದ ದೂರದ ಬಲಶಾಲಿಗಳು ಸವಾರಿ ಮಾಡತೊಡಗುತ್ತವೆ. ಜನ ಕೆಲಸ ಮುಗಿಸಿ ರೇಡಿಯೋ ಮುಂದೆ ಕೂರುವ ಹೊತ್ತೂ ಅದೇ. ಆದರೆ 1930ರ ದಶಕದಲ್ಲಿ ದೇಶದಲ್ಲಿ ನಿಲಯಗಳು ಬೆರಳೆಣಿಕೆಯಷ್ಟಿದ್ದವು. ಆಕಾಶದಲ್ಲಿ ಜಾಗ ಬೇಕಾದಷ್ಟಿತ್ತು, ಮನೆಯಿಂದ ನಡೆಸುವ ನಿಲಯಕ್ಕೆ ಆ ಕಾಲವೇ ಸರಿ.

ಸುಮಾರು ಆರು ವರ್ಷ ಹೀಗೆ ನಡೆದ ಮೇಲೆ, 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ನಿಲಯವನ್ನು ತನ್ನ ಕೈಗೆ ತೆಗೆದುಕೊಂಡಿತು. ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರೇ ಆರು: ದೆಹಲಿ, ಮುಂಬಯಿ, ಕಲ್ಕತ್ತೆ, ಮದ್ರಾಸು, ತಿರುಚಿರಾಪಳ್ಳಿ, ಲಖನೌ. ಕನ್ನಡ ನಾಡಿನದು ಒಂದೂ ಇರಲಿಲ್ಲ. 1950ರ ಜನವರಿಯಲ್ಲಿ ಧಾರವಾಡದಲ್ಲಿ ಹೊಸ ನಿಲಯ ಶುರುವಾಯಿತು. ಅದೇ ವರ್ಷದ ಏಪ್ರಿಲ್ 1ರಂದು ಹೈದರಾಬಾದ್, ತಿರುವನಂತಪುರದ ಸಂಸ್ಥಾನ ನಿಲಯಗಳ ಜೊತೆ ಮೈಸೂರು ನಿಲಯವೂ ಕೇಂದ್ರದ ಜಾಲಕ್ಕೆ ಸೇರಿತು.

ಜಾಲಕ್ಕೆ ಸೇರಿದ ಮೇಲೆ ಲೆಕ್ಕಾಚಾರ ಬದಲಾಯಿತು. ಇಡೀ ರಾಜ್ಯಕ್ಕೆ ಕೇಳಬೇಕಾದ ನಿಲಯ ರಾಜಧಾನಿಯಲ್ಲಿರಬೇಕು ಎಂಬುದು ಆಡಳಿತದ ತರ್ಕ, ಅದರಲ್ಲಿ ತಪ್ಪು ಹುಡುಕುವುದು ಕಷ್ಟ. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಪ್ರಸಾರ ಆರಂಭಿಸಿತು, ಮೈಸೂರಿನದು ಮುಚ್ಚಿತು. 612 ಕಿಲೋಹರ್ಟ್ಸ್‌ನ ಬೆಂಗಳೂರು ಪ್ರಸಾರ ಮುಂದೆ 200 ಕಿಲೋವಾಟಿಗೆ ಏರಿತು, ವಿಠ್ಠಲ ವಿಹಾರದ ಮೊದಲ ಯಂತ್ರದ ಆರು ಸಾವಿರ ಪಟ್ಟಿಗೂ ಹೆಚ್ಚು. ಆ ಅಲೆಯ ಉದ್ದ ಸುಮಾರು 490 ಮೀಟರ್. ಅದರ ಕಾಲು ಭಾಗದಷ್ಟು ಎತ್ತರದ ಕಂಬ ಬೇಕೆಂದರೂ 120 ಮೀಟರ್ ದಾಟುತ್ತದೆ. ಇಂಥದ್ದನ್ನು ಯಾರ ಮನೆಯ ಹಿತ್ತಿಲಲ್ಲೂ ನಿಲ್ಲಿಸಲಾಗದು. ಮೈಸೂರಿನಲ್ಲಿ ಹುಟ್ಟಿದ ಹೆಸರನ್ನು ಆಲ್ ಇಂಡಿಯಾ ರೇಡಿಯೋ ಇಡೀ ದೇಶಕ್ಕೆ ಹಚ್ಚಿಕೊಂಡದ್ದೂ 1950ರ ದಶಕದ ಆ ಉತ್ತರಾರ್ಧದಲ್ಲೇ, ಮೈಸೂರಿಗೆ ಸ್ವಂತ ನಿಲಯ ಇಲ್ಲದಿದ್ದ ಕಾಲದಲ್ಲಿ. ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು.

ನಿಲಯ ಮೈಸೂರಿಗೆ ಮರಳಿದ್ದು 1974ರಲ್ಲಿ. ಈಗಿನ ಕಟ್ಟಡಕ್ಕೂ ವಿಠ್ಠಲ ವಿಹಾರಕ್ಕೂ ನಡುವೆ ಇನ್ನೂರು ಗಜದಷ್ಟೇ ದೂರ. ಇಂದು ಅದು 100.6ರ ಎಫ್‌ಎಂ ಅಲೆಯಲ್ಲಿ ಕೇಳುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ಗೋಪುರದ ತುದಿಗೆ ಕಾಣುವಷ್ಟು ನೆಲವನ್ನೇ ಮುಟ್ಟುವುದರಿಂದ ನಿಲಯ ಮತ್ತೆ ಮೈಸೂರು ಸೀಮೆಯ ಮಾತನ್ನೇ ಹೆಚ್ಚಾಗಿ ಆಡುತ್ತಿದೆ.