ಬಾಲಗೃಹದ ಗೇಟು ದಾಟಿದ ಮೇಲೆ: ಹುಡುಗಿಗೆ ಮತ್ತೆ ಶಾಲೆಯ ದಾರಿ



2024ರ ಮೇ 19ರ ನಸುಕಿನಲ್ಲಿ ನಮ್ಮ ಕಲ್ಯಾಣಿನಗರದಲ್ಲಿ ನಡೆದ ಕಾರು ಅಪಘಾತ ನಿಮಗೆಲ್ಲ ನೆನಪಿರಬೇಕು. ಇಬ್ಬರು ಯುವ ಇಂಜಿನಿಯರುಗಳು ಪ್ರಾಣ ಕಳೆದುಕೊಂಡರು. ಕಾರು ಓಡಿಸುತ್ತಿದ್ದನೆಂಬ ಆರೋಪ ಹೊತ್ತ 17 ವರ್ಷದ ಹುಡುಗನಿಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನೊಂದಿಗೆ ಜಾಮೀನು ಸಿಕ್ಕಿತು, ದೇಶವೆಲ್ಲ ಗದ್ದಲವೆದ್ದಿತು. 'ಬಾಲ ನ್ಯಾಯ ಮಂಡಳಿ' ಎಂಬ ಹೆಸರನ್ನು ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಕೇಳಿದ್ದು ಆಗಲೇ.

ಆ ಗದ್ದಲದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಅದೇ ಮಂಡಳಿಯ ಮುಂದೆ, ಅದೇ ಕಾನೂನಿನಡಿ ಹುಡುಗಿಯರೂ ಬಂದು ನಿಲ್ಲುತ್ತಾರೆ. ಕೆಲವು ವಾರ, ಕೆಲವು ತಿಂಗಳು ಸರ್ಕಾರಿ ಗೃಹದಲ್ಲಿದ್ದು ಹೊರಗೆ ಬರುತ್ತಾರೆ. ಬಂದ ಮರುದಿನ ಅವರು ಎಲ್ಲಿಗೆ ಹೋಗಬೇಕು? ಶಾಲೆಗೆ ಎನ್ನುತ್ತದೆ ಕಾನೂನು. ಆದರೆ ಶಾಲೆಯ ಬಾಗಿಲವರೆಗೆ ಅವರನ್ನು ಕೈಹಿಡಿದು ಕರೆದೊಯ್ಯುವವರು ಯಾರು? ಈ ಸಲ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

'ರಿಮ್ಯಾಂಡ್ ಹೋಮ್' ಎಂಬ ಒಂದೇ ಹೆಸರು

ನಾವು ಮಾತಿಗೆ 'ರಿಮ್ಯಾಂಡ್ ಹೋಮ್' ಎಂದುಬಿಡುತ್ತೇವೆ. ನಿಜಕ್ಕೂ ಅಲ್ಲಿ ಎರಡು ದಾರಿಗಳಿವೆ. ಮನೆಯಿಲ್ಲದ, ತಪ್ಪಿಸಿಕೊಂಡ, ದೌರ್ಜನ್ಯಕ್ಕೆ ಸಿಕ್ಕಿದ ಮಕ್ಕಳನ್ನು ನೋಡಿಕೊಳ್ಳುವುದು ಮಕ್ಕಳ ಕಲ್ಯಾಣ ಸಮಿತಿ. ಅವರು ಉಳಿಯುವುದು ಬಾಲಗೃಹದಲ್ಲಿ. ಅಪರಾಧದ ಆರೋಪ ಇರುವ ಮಕ್ಕಳು ಹೋಗುವುದು ಬಾಲ ನ್ಯಾಯ ಮಂಡಳಿಯ ಮುಂದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲೇಬೇಕು. ವಿಚಾರಣೆ ನಡೆಯುವಾಗ ಮಗು ಇರುವ ಜಾಗಕ್ಕೆ ಮರಾಠಿಯಲ್ಲಿ 'ನಿರೀಕ್ಷಣಗೃಹ', ನಮ್ಮ ಕರ್ನಾಟಕದಲ್ಲಿ 'ವೀಕ್ಷಣಾಲಯ' ಎನ್ನುತ್ತಾರೆ. ತಪ್ಪು ಸಾಬೀತಾದರೆ ಗರಿಷ್ಠ ಮೂರು ವರ್ಷ ವಿಶೇಷ ಗೃಹಕ್ಕೆ ಕಳಿಸಬಹುದು. ಬುದ್ಧಿ ಹೇಳಿ ಮನೆಗೆ ಕಳಿಸುವುದು, ಪ್ರೊಬೇಷನ್ ಮೇಲೆ ಬಿಡುವುದು ಇವೂ ಮಂಡಳಿಯ ಕೈಯಲ್ಲಿವೆ. ಜೊತೆಗೆ 'ಶಾಲೆಗೆ ಹೋಗಬೇಕು' ಎಂದು ಬರಹದಲ್ಲೇ ಆದೇಶ ಕೊಡುವ ಅಧಿಕಾರವನ್ನೂ 2015ರ ಬಾಲ ನ್ಯಾಯ ಕಾಯ್ದೆ ಅದಕ್ಕೆ ಕೊಟ್ಟಿದೆ.

ಅದೇ ಕಾಯ್ದೆಯ ಮೂಲತತ್ವಗಳಲ್ಲಿ 'ಹೊಸ ಆರಂಭ' ಎಂಬುದೂ ಒಂದು. ಕೇಳಲು ಚೆನ್ನಾಗಿದೆ, ಅಲ್ಲವೇ? ಅದು ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡೋಣ.

ಹುಡುಗಿಯ ಕಷ್ಟ ಬೇರೆ

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹದಿನಾರು ವರ್ಷ. ಯಾದಗಿರಿ ಕಡೆಯಿಂದ ಬಂದ ಅಪ್ಪ-ಅಮ್ಮ ವಾಕಡ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟ ಇವಳು ಮನೆಗೆಲಸಕ್ಕೆ ಹೋಗುತ್ತಿದ್ದಳು. ಒಂದು ಮನೆಯಲ್ಲಿ ಸರ ಕಾಣೆಯಾಯಿತು. ಕೇಸಾಯಿತು.

ಹುಡುಗರಿಗೆ ಹೋಲಿಸಿದರೆ ಹೀಗೆ ಬರುವ ಹುಡುಗಿಯರ ಸಂಖ್ಯೆ ಬಹಳ ಕಡಿಮೆ. ಇದು ಒಳ್ಳೆಯ ಸುದ್ದಿಯೇ. ಆದರೆ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೇ ಅವರಿಗಾಗಿ ಇರುವ ಗೃಹಗಳೂ ಕಡಿಮೆ, ಅಲ್ಲಿಗೆ ಬರುವ ಶಿಕ್ಷಕರೂ ಕಡಿಮೆ. ಮನೆಯಿಂದ ದೂರದ ಊರಿನಲ್ಲಿ ಇರಬೇಕಾಗುತ್ತದೆ. ದಿನಗೂಲಿ ಬಿಟ್ಟು ಮಗಳನ್ನು ನೋಡಲು ಬರುವುದು ಅಪ್ಪ-ಅಮ್ಮನಿಗೆ ಕಷ್ಟ. ಮಕ್ಕಳಿಗೆ ಜಾಮೀನು ಕೊಡುವುದೇ ಕಾನೂನಿನ ಸಾಮಾನ್ಯ ನಿಯಮ. ಆದರೂ ಕರೆದುಕೊಂಡು ಹೋಗಲು ಮನೆಯವರೇ ಬರದಿದ್ದರೆ ಹುಡುಗಿ ಎಲ್ಲಿಗೆ ಹೋದಾಳು?

ಹೊರಗೆ ಬಂದ ಮೇಲೆ ಇನ್ನೊಂದು ವ್ಯತ್ಯಾಸ. ಹುಡುಗ ಬಂದರೆ "ಏನಾದರೂ ಕೆಲಸಕ್ಕೆ ಸೇರಿಸಿ" ಎನ್ನುತ್ತಾರೆ. ಹುಡುಗಿ ಬಂದರೆ "ಬೇಗ ಒಂದು ಗಂಡು ನೋಡಿ" ಎನ್ನುತ್ತಾರೆ. ನಾಲ್ಕು ಜನರ ಬಾಯಿಗೆ ಹೆದರಿ ಮೊದಲು ಮನೆಯಲ್ಲಿ ಕೂರಿಸುತ್ತಾರೆ, ಆಮೇಲೆ ಧಾರೆ ಎರೆಯುತ್ತಾರೆ. 18 ತುಂಬದ ಹುಡುಗಿಯ ಮದುವೆ 2006ರ ಕಾಯ್ದೆಯ ಪ್ರಕಾರ ನಿಷಿದ್ಧ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ. ಹಾಗಾಗಿ ಹುಡುಗಿಯ ವಿಷಯದಲ್ಲಿ ಶಾಲೆ ಎಂದರೆ ಬರೀ ಪಾಠವಲ್ಲ. ಬೆಳಿಗ್ಗೆ ಮನೆಯಿಂದ ಹೊರಗೆ ಹೋಗಲು ಅವಳ ಕೈಯಲ್ಲಿರುವ ಗಟ್ಟಿ ಕಾರಣ ಅದು.

ಓದಿಗೆ ಮೂರು ಬಾಗಿಲು

ಮೊದಲನೆಯದು ಮಾಮೂಲಿ ಶಾಲೆ. ಹುಡುಗಿಗೆ 14 ತುಂಬಿಲ್ಲದಿದ್ದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಅವಳ ಬೆನ್ನಿಗಿದೆ. ಎಷ್ಟೇ ವರ್ಷ ಶಾಲೆ ತಪ್ಪಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಟಿ.ಸಿ. ಬರಲು ತಡವಾಯಿತು ಎಂದು ಸೀಟು ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದೂ ನಿರಾಕರಿಸುವಂತಿಲ್ಲ.

ಎರಡನೆಯದು ಮುಕ್ತ ಶಾಲೆ. ಹದಿನಾರರ ಹುಡುಗಿಯನ್ನು ಒಂಬತ್ತನೆಯ ತರಗತಿಯ ಚಿಕ್ಕ ಮಕ್ಕಳ ನಡುವೆ ಕೂರಿಸಿದರೆ ಅವಳಿಗೆ ಮುಜುಗರ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಇಂಥವರಿಗೆ ಹೇಳಿಮಾಡಿಸಿದಂತಿದೆ. 14 ತುಂಬಿದವರು ಹತ್ತನೆಯ ತರಗತಿಗೆ ಹೆಸರು ಕೊಡಬಹುದು. ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರುವ ಅವಕಾಶವಿದೆ. ಒಂದೊಂದೇ ವಿಷಯ ಪಾಸು ಮಾಡುತ್ತ ಹೋದರೂ ಆಯಿತು, ಪಾಸಾದದ್ದು ಕೈಬಿಟ್ಟು ಹೋಗುವುದಿಲ್ಲ. ಕೋರ್ಟಿನ ತಾರೀಖು, ಊರು ಬದಲಾವಣೆ, ಕೆಲಸ ಇವುಗಳ ನಡುವೆ ಓದುವವರಿಗೆ ಇದು ದೊಡ್ಡ ಅನುಕೂಲ. ಇದರ ಪ್ರಾದೇಶಿಕ ಕೇಂದ್ರ ನಮ್ಮ ಪುಣೆಯಲ್ಲೇ ಇದೆ. ರಾಜ್ಯ ಮಂಡಳಿಯ ಪರೀಕ್ಷೆಗೇ ಖಾಸಗಿಯಾಗಿ ಕೂರಬೇಕೆಂದರೆ '17 ನಂಬರ್ ಫಾರ್ಮ್' ಇದೆ. ಮರಾಠಿ ಗೆಳೆಯರನ್ನು ಕೇಳಿ, ಗೊತ್ತಿರುತ್ತದೆ.

ಮೂರನೆಯದು ಕಸುಬಿನ ಶಿಕ್ಷಣ. ಐಟಿಐನ ಹೆಚ್ಚಿನ ಕೋರ್ಸುಗಳಿಗೆ ಹತ್ತನೆಯ ತರಗತಿ ಬೇಕು, ಹೊಲಿಗೆಯಂಥ ಕೆಲವಕ್ಕೆ ಎಂಟನೆಯದು ಸಾಕು. ಆದರೆ ಇಲ್ಲಿ ಒಂದು ಮಾತು. ಗೃಹದ ಹುಡುಗಿ ಎಂದ ಕೂಡಲೇ ಹೊಲಿಗೆ ಮೆಷಿನ್ ಮುಂದೆ ಕೂರಿಸುವುದು, ಮೆಹಂದಿ ಕಲಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಹೊಲಿಗೆ ಕೀಳಲ್ಲ. ಆದರೆ ಅವಳಿಗೆ ಎಲೆಕ್ಟ್ರಿಷಿಯನ್ ಆಗುವ ಮನಸ್ಸಿದ್ದರೆ? ಲೆಕ್ಕ ಚೆನ್ನಾಗಿ ಬರುತ್ತಿದ್ದರೆ? ಮೊದಲು ಅವಳನ್ನು ಕೇಳಬೇಕು. ಪ್ರತಿ ಮಗುವಿಗೂ ಪ್ರತ್ಯೇಕ ಆರೈಕೆ ಯೋಜನೆ ಬರೆಯಬೇಕೆಂದು ಕಾನೂನು ಹೇಳುವುದು ಇದಕ್ಕೇ.

ಅಡ್ಡ ಬರುವುದು ಕಾಗದ

ಬುದ್ಧಿ ಇಲ್ಲದೆ ಓದು ನಿಲ್ಲುವುದು ಕಡಿಮೆ, ಕಾಗದ ಇಲ್ಲದೆ ನಿಲ್ಲುವುದು ಹೆಚ್ಚು! ಜನನ ಪ್ರಮಾಣಪತ್ರ ಊರಿನಲ್ಲಿ, ಟಿ.ಸಿ. ಹಳೆಯ ಶಾಲೆಯಲ್ಲಿ, ಆಧಾರ್ ಕಾರ್ಡಿನಲ್ಲಿ ಬೇರೆ ಹುಟ್ಟಿದ ದಿನ. ಹುಡುಗಿ ಗೃಹದಲ್ಲಿರುವಾಗಲೇ ಇದನ್ನೆಲ್ಲ ಸರಿಪಡಿಸಿಕೊಳ್ಳಬೇಕು. ಗುರುತಿನ ದಾಖಲೆ ಮಾಡಿಸಿಕೊಡಲು ನೆರವಾಗುವುದು ಗೃಹದ ಕರ್ತವ್ಯವೆಂದು ಕಾಯ್ದೆಯಲ್ಲೇ ಇದೆ. ಮನೆಯವರು ಪ್ರೊಬೇಷನ್ ಆಫೀಸರನ್ನು ಕೇಳಿ ಪಡೆದುಕೊಳ್ಳಬೇಕು.

ಇನ್ನೊಂದು ಸಣ್ಣ ಎಚ್ಚರಿಕೆ. ಅರ್ಜಿ ತುಂಬುವಾಗ ವಿಳಾಸದ ಜಾಗದಲ್ಲಿ ಗೃಹದ ಹೆಸರು ಬರೆದುಬಿಟ್ಟರೆ ಅದು ಮುಂದಿನ ಎಷ್ಟೋ ಕಾಗದಗಳಲ್ಲಿ ಅವಳ ಬೆನ್ನು ಹತ್ತಿ ಬರುತ್ತದೆ. ಆದಷ್ಟೂ ಮನೆಯ ವಿಳಾಸವನ್ನೇ ಕೊಡಿ.

ಹಳೆಯದನ್ನು ಕೆದಕುವಂತಿಲ್ಲ

ಹೆಚ್ಚಿನ ತಾಯ್ತಂದೆಯರಿಗೆ ಗೊತ್ತಿಲ್ಲದ ಸಂಗತಿ ಇದು. ಬಾಲ ನ್ಯಾಯ ಕಾಯ್ದೆಯಡಿ ತಪ್ಪು ಸಾಬೀತಾಗಿದ್ದರೂ ಅದರಿಂದ ಆ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರುವುದಿಲ್ಲ. ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು. ಮುಗಿದ ಪ್ರಕರಣದ ವಿವರವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿಯೂ ಹೊರಗೆ ಹಾಕುವಂತಿಲ್ಲ. ಬಾಲ್ಯದ ಪ್ರಕರಣವೊಂದನ್ನು ಮುಂದಿಟ್ಟು ಕೆಲಸ ನಿರಾಕರಿಸುವುದು ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಹೇಳಿತು. ಒಂದೇ ಒಂದು ಅಪವಾದವಿದೆ. 16 ದಾಟಿದ ಮಗು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ, ಮಕ್ಕಳ ನ್ಯಾಯಾಲಯದಲ್ಲಿ ತಪ್ಪು ಸಾಬೀತಾದರೆ ಈ ರಕ್ಷಣೆ ಸಿಗುವುದಿಲ್ಲ.

ಹೆಸರು, ಫೋಟೊ, ಶಾಲೆ, ವಿಳಾಸ ಹೀಗೆ ಗುರುತು ಹತ್ತುವ ಏನನ್ನೂ ಪತ್ರಿಕೆಯಲ್ಲಾಗಲಿ, ಟಿ.ವಿ.ಯಲ್ಲಾಗಲಿ, ಬೇರೆ ಸಂವಹನ ಮಾಧ್ಯಮದಲ್ಲಾಗಲಿ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ "ಈ ಹುಡುಗಿಯನ್ನು ಕೆಲಸಕ್ಕಿಟ್ಟುಕೊಳ್ಳಬೇಡಿ" ಎಂದು ಫೋಟೊ ಕಳಿಸುವ ಮೊದಲು ದಯವಿಟ್ಟು ಇದನ್ನು ನೆನಪಿಸಿಕೊಳ್ಳಿ.

ಹದಿನೆಂಟರ ಗಡಿ

18 ತುಂಬಿದ ದಿನ ಗೃಹದ ಆಸರೆ ಮುಗಿಯುತ್ತದೆ. ಓದು ಮಾತ್ರ ಅರ್ಧದಲ್ಲಿರುತ್ತದೆ. ಇದಕ್ಕಾಗಿ ಕಾಯ್ದೆಯಲ್ಲಿ 'ಅನಂತರದ ಆರೈಕೆ' ಎಂಬ ಏರ್ಪಾಡಿದೆ. ಗೃಹದಿಂದ ಹೊರಟ 18ರಿಂದ 21 ವರ್ಷದವರಿಗೆ ಓದಿಗೆ, ತರಬೇತಿಗೆ, ವಾಸಕ್ಕೆ ನೆರವು ಕೊಡಬಹುದು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದ್ದಾರೆ. ಪುಣೆಯ ಬಾಡಿಗೆಗೆ ಇದು ಎಲ್ಲಿ ಸಾಕು ಎನ್ನುತ್ತೀರಾ? ನಿಜ, ಸಾಲದು. ಆದರೂ ಪುಸ್ತಕ, ಬಸ್ ಪಾಸು, ಪರೀಕ್ಷೆ ಶುಲ್ಕದ ಚಿಂತೆ ತಪ್ಪುತ್ತದೆ. ತಾನಾಗಿ ಮನೆಗೆ ಬರುವ ಹಣ ಇದಲ್ಲ. 18 ತುಂಬುವ ಮೊದಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿಯ ಕೆಲಸ ಶುರುವಾಗಬೇಕು.

ಹುಡುಗಿ ಕನ್ನಡದವಳಾದರೆ

ನಮ್ಮ ಊಹೆಯ ಹುಡುಗಿಗೆ ಮರಾಠಿ ಅರ್ಧಂಬರ್ಧ ಬರುತ್ತದೆ. ಸಂತೆಗೆ ಸಾಕು, ಮಂಡಳಿಯ ಮುಂದೆ ತನ್ನ ಕಥೆ ಹೇಳಲು ಸಾಲದು. ಕಲಾಪದ ಭಾಷೆ ತಿಳಿಯದ ಮಗುವಿಗೆ ದುಭಾಷಿಯನ್ನು ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಕೇಳುವವರಿಲ್ಲದಿದ್ದರೆ ಈ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ.

ಮಗುವಿನ ಹಿತಕ್ಕೆ ಒಳ್ಳೆಯದೆಂದು ಕಂಡರೆ ಅವಳ ಪ್ರಕರಣವನ್ನು ಸ್ವಂತ ಜಿಲ್ಲೆಗೆ ವರ್ಗಾಯಿಸಲೂಬಹುದು. ಆಗ ಮರಾಠಿಯಲ್ಲಿ ಶುರುವಾದ ಓದು ಕನ್ನಡಕ್ಕೆ ಹೊರಳಬೇಕು. ಅವಳ ಜೊತೆ ಪಾಠದ ವಿವರ, ಟಿ.ಸಿ., ಅಂಕಪಟ್ಟಿಗಳೂ ಪ್ರಯಾಣ ಮಾಡಬೇಕು. ಇಲ್ಲದಿದ್ದರೆ ಅಲ್ಲಿ ಮತ್ತೆ ಒಂದರಿಂದ ಶುರು.

ಪುಣೆಗೆ ಇದು ಹೊಸತಲ್ಲ

ಸಮಾಜ ಬಾಗಿಲು ಮುಚ್ಚಿದ ಹುಡುಗಿಯರಿಗೆ ಓದಿನ ಬಾಗಿಲು ತೆರೆದ ಊರು ನಮ್ಮದು. ಅದರಲ್ಲಿ ನಮ್ಮ ನಾಡಿನವರ ಪಾಲೂ ಇದೆ. 1858ರಲ್ಲಿ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಅಲ್ಲಿ ಓದಿದವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬರು. ಅಂದಿನ ಸಮಾಜದ ಕಣ್ಣಿನಲ್ಲಿ ಅವರು ಅಪಶಕುನ. 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದರು. 1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಆರಂಭಿಸಿದರು. ಹಿಂಗಣೆಯ ಆ ನೆಲ ಇಂದಿನ ಕರ್ವೆನಗರ.

ಆ ಹುಡುಗಿಯರ ಮೇಲೆ ಯಾವ ಕೇಸೂ ಇರಲಿಲ್ಲ, ನಿಜ. ಆದರೆ ಹಣೆಗೆ ಅಂಟಿಸಿದ ಹೆಸರಿನ ಭಾರ ಒಂದೇ ಬಗೆಯದು. ಆಗ ಅದನ್ನು ಇಳಿಸಿದ್ದು ತರಗತಿಯೇ.

ನೀವು ಏನು ಮಾಡಬಹುದು?

ಸುಮ್ಮನೆ ಗೃಹಕ್ಕೆ ಹೋಗಿ ಸಿಹಿ ಹಂಚಿ ಫೋಟೊ ತೆಗೆಸಿಕೊಳ್ಳುವುದು ಬೇಡ. ಪಾಠ ಹೇಳುವ ಮನಸ್ಸಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅನುಮತಿ ಪಡೆದು ಹೋಗಿ. ವಾರಕ್ಕೆ ಎರಡೇ ಗಂಟೆಯಾದರೂ ಸರಿ, ತಪ್ಪದೆ ಹೋಗಿ. ಬಿಟ್ಟುಹೋಗುವವರನ್ನು ಆ ಮಕ್ಕಳು ಬೇಕಾದಷ್ಟು ಕಂಡಿದ್ದಾರೆ. ಕನ್ನಡ-ಮರಾಠಿ ಎರಡೂ ಬಲ್ಲವರು ದುಭಾಷಿಯಾಗಲು ಹೆಸರು ಕೊಡಿ. ಕಷ್ಟದಲ್ಲಿರುವ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. ಉಚಿತ ಕಾನೂನು ನೆರವಿಗೆ 15100. ನೀವು ಶಿಕ್ಷಕರಾಗಿದ್ದರೆ, ವರ್ಷದ ಮಧ್ಯದಲ್ಲಿ ಬಂದ ಹುಡುಗಿಯನ್ನು "ಇಷ್ಟು ದಿನ ಎಲ್ಲಿದ್ದೆ?" ಎಂದು ತರಗತಿಯ ಎದುರು ಕೇಳಬೇಡಿ. "ಎಲ್ಲಿಯವರೆಗೆ ಪಾಠ ಆಗಿದೆ?" ಎಂದು ಕೇಳಿ, ಅಲ್ಲಿಂದ ಮುಂದಕ್ಕೆ ಹೇಳಿಕೊಡಿ.

ಮಂಡಳಿ ಆದೇಶ ಬರೆಯಬಹುದು, ಸರ್ಕಾರ ಹಣ ಕೊಡಬಹುದು. ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡಬೇಕಾದವರು ಮಾತ್ರ ನಾವು, ನಮ್ಮ ಮಕ್ಕಳು. ಈ ವಿಷಯದಲ್ಲಿ ನಿಮ್ಮ ಅನಿಸಿಕೆಗಳನ್ನು ನಮಗೆ ಬರೆಯಿರಿ. ಆದರೆ ಯಾವ ಮಗುವಿನ ಹೆಸರನ್ನೂ ಪತ್ರದಲ್ಲಿ ಬರೆಯಬೇಡಿ.