ಹೊತ್ತು ನೋಡಿ ಅರಳುವ ಹೂವುಗಳು

ಶ್ರಾವಣದಲ್ಲಿ ಕೊಡ್ಲಿಗೆ ಹೋದಾಗಲೆಲ್ಲ ಅವ್ವ ನನ್ನನ್ನು ಮೊದಲು ಕರೆದೊಯ್ಯುವುದು ಹಿತ್ತಲಿನ ಹೀರೆ ಚಪ್ಪರದ ಬಳಿಗೆ. ಈ ಸಲ ಅವಳ ಮುಖದಲ್ಲಿ ಬೇಸರವಿತ್ತು. ಬಳ್ಳಿ ಹುಲುಸಾಗಿ ಹಬ್ಬಿದೆ, ಮೈತುಂಬ ಹೂವಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ. ಬೆರಳುದ್ದದ ಮಿಡಿಗಳು ಹಳದಿಗಟ್ಟಿ ಉದುರುತ್ತಿವೆ. ಚಪ್ಪರಕ್ಕೆ ಹತ್ತು ಮಾರು ದೂರದ ಕಂಬಕ್ಕೆ ಕಳೆದ ವರ್ಷ ಹೊಸ ಎಲ್‌ಇಡಿ ದೀಪ ಬಂದಿದೆ. ‘ಹೀರಿ ಹೂವು ಗಡಿಯಾರ ನೋಡಂಗಿಲ್ಲಪ್ಪಾ, ಹೊತ್ತು ನೋಡ್ತದ. ಈಗ ನಮ್ಮ ಹಿತ್ತಲದಾಗ ಹೊತ್ತೇ ಮುಣಗಂಗಿಲ್ಲ’ ಎಂದಳು.

ರಾತ್ರಿ ಅರಳುವ ಹೂವೆಂದರೆ ನಮಗೆ ನೆನಪಾಗುವುದು ಬ್ರಹ್ಮಕಮಲ. ಅದು ಅರಳಿದ ರಾತ್ರಿ ಓಣಿಯವರೆಲ್ಲ ಸೇರಿ ಆರತಿ ಬೆಳಗುತ್ತಾರೆ, ಮರುದಿನ ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ. ನಾವು ಕುಂಡದಲ್ಲಿ ಬೆಳೆಸುವ ಈ ಗಿಡ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಒಂದು ಕಳ್ಳಿ; ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲವೇ ಬೇರೆ. (ಹಾಗೆಂದು ಆರತಿ ತಟ್ಟೆ ಹಿಡಿದು ನಿಂತವರೆದುರು ಹೇಳುವ ಧೈರ್ಯ ನನಗಂತೂ ಇಲ್ಲ.) ಆಮೇಲೆ ಪಾರಿಜಾತ, ರಾತ್ರಿರಾಣಿ, ಸುಗಂಧರಾಜ. ಸಾರಿಗೂ ಪಲ್ಯಕ್ಕೂ ಒದಗುವ ಹೀರೆ, ಸೋರೆಗಳನ್ನು ಈ ಸಾಲಿಗೆ ಯಾರೂ ಸೇರಿಸುವುದಿಲ್ಲ. ಸೋರೆಯ ಬಿಳಿ ಹೂವು, ಹೀರೆಯ ತಿಳಿಹಳದಿ ಹೂವು ಎರಡೂ ಬಿರಿಯುವುದು ಸಂಜೆಗೆ, ಬಾಡುವುದು ಬೆಳಿಗ್ಗೆಗೆ. ಹೀರೆಯ ದಾಯಾದಿಯಾದ ತುಪ್ಪದ ಹೀರೆ ಮಾತ್ರ ನಸುಕಿನಲ್ಲಿ ಅರಳಿ ಜೇನುಹುಳುಗಳಿಗೆ ಕಾಯುತ್ತದೆ.

ಕತ್ತಲೆಯಲ್ಲಿ ಕೆಂಪು, ನೀಲಿ ಕಾಣವು. ಆದುದರಿಂದಲೇ ಈ ಹೂಗಳಿಗೆ ಬಿಳಿ ಅಥವಾ ತಿಳಿ ಬಣ್ಣ, ದೂರಕ್ಕೆ ಹಬ್ಬುವ ಪರಿಮಳ. ಹಗಲಿನ ಬಿಸಿಲಿಗೆ ಅಡಗಿದ್ದ ಪತಂಗಗಳು ಆ ವಾಸನೆಯ ಜಾಡು ಹಿಡಿದು ಬರುತ್ತವೆ. ಹೀರೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಪರಾಗವನ್ನು ಯಾರಾದರೂ ಹೊತ್ತು ತರಲೇಬೇಕು. ತರದಿದ್ದರೆ ಮಿಡಿ ಉದುರುತ್ತದೆ.

ಸ್ವಿಟ್ಜರ್ಲೆಂಡಿನ ಸಂಶೋಧಕರು ಕತ್ತಲೆಯ ಹುಲ್ಲುಗಾವಲುಗಳಲ್ಲಿ ಬೀದಿದೀಪ ನಿಲ್ಲಿಸಿ ಪರೀಕ್ಷಿಸಿ, 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ದೀಪವಿದ್ದ ಕಡೆ ರಾತ್ರಿಯ ಕೀಟಗಳ ಭೇಟಿ ಶೇ 62ರಷ್ಟು ಕುಸಿದಿತ್ತು. ಅವರು ಗಮನಿಸಿದ ಒಂದು ಮುಳ್ಳುಗಿಡದಲ್ಲಿ, ಹಗಲಿನ ಕೀಟಗಳು ಬಂದುಹೋಗುತ್ತಿದ್ದರೂ, ಕಾಯಿ ಕಟ್ಟುವುದು ಶೇ 13ರಷ್ಟು ಇಳಿದಿತ್ತು. ಬೆಳಕಷ್ಟೇ ಅಲ್ಲ, ಹೊಗೆಯೂ ಶತ್ರುವೇ. ವಾಹನಗಳ ಹೊಗೆಯಿಂದ ರಾತ್ರಿ ಹೊತ್ತು ಹುಟ್ಟುವ ನೈಟ್ರೇಟ್ ಕಣಗಳು ಹೂವಿನ ಪರಿಮಳವನ್ನೇ ಮುರಿಯುತ್ತವೆ, ಪತಂಗ ದಾರಿ ತಪ್ಪುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳು 2024ರಲ್ಲಿ ತೋರಿಸಿದರು.

ಅವ್ವನ ಚಪ್ಪರದ ಕಥೆ ಇದೇ ಎಂದು ನಾನು ಪ್ರಮಾಣ ಮಾಡಲಾರೆ. ಅತಿ ಮಳೆಗೂ ಮಿಡಿ ಉದುರುತ್ತದೆ, ಔಷಧ ಸಿಂಪಡಿಸಿದರೂ ಪತಂಗ ಸಾಯುತ್ತದೆ. ಆದರೆ ರಾತ್ರಿ ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದವರಿಗೆ ನಮ್ಮ ಸೀಮೆಯಲ್ಲಿ ಕತ್ತಲೆ ಎಷ್ಟು ಸವೆದಿದೆ ಎಂದು ಹೇಳಬೇಕಾಗಿಲ್ಲ. ಸಿಮೆಂಟು, ಸುಣ್ಣಕಲ್ಲು, ಲಾರಿಗಳ ಸಾಲು. ಇವು ಅನ್ನ ಕೊಟ್ಟಿವೆ, ನಿಜ. ಬೀದಿದೀಪವೂ ಬೇಡವೆನ್ನಲಾಗದು. ಮಳೆಗಾಲದಲ್ಲಿ ಹಾವಿನ ಭಯ, ಕತ್ತಲಲ್ಲೇ ಹೊರಗೆ ಹೋಗಬೇಕಾಗಿದ್ದ ಹೆಣ್ಣುಮಕ್ಕಳ ಸಂಕಟ ನನಗೆ ನೆನಪಿದೆ. ಕೇಳುವುದು ಇಷ್ಟೇ: ದೀಪಕ್ಕೊಂದು ಟೊಪ್ಪಿಗೆಯಿರಲಿ, ಬೆಳಕು ದಾರಿಗೆ ಬೀಳಲಿ, ಹಿತ್ತಲಿಗಲ್ಲ. ಕಣ್ಣು ಕುಕ್ಕುವ ನೀಲಿಬಿಳುಪಿನ ಬದಲು ಹಳದಿ ದೀಪ ಹಾಕಲಿ. ನಡುರಾತ್ರಿ ಕಳೆದ ಮೇಲೆ ಮಂದವಾಗುವ ದೀಪಗಳೂ ಈಗ ಸಿಗುತ್ತವೆ. ಕಂಬ ನಿಲ್ಲಿಸುವ ಮುನ್ನ ಓಣಿಯವರನ್ನು ಒಂದು ಮಾತು ಕೇಳಿದರೆ ಗಂಟೇನೂ ಹೋಗದು.

ಅಂದು ಸಂಜೆ ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವುಗಳಿಗೆ ಒಂದೊಂದಾಗಿ ಸವರುವುದನ್ನು ಅವ್ವನಿಗೆ ತೋರಿಸಿದೆ. ‘ಹುಳದ ಕೆಲಸಾನೂ ನಾವೇ ಮಾಡೂದಾತಲ್ಲೊ’ ಎಂದು ನಕ್ಕಳು. ಮರುದಿನ ಹಳೆಯ ಸೀರೆಯೊಂದನ್ನು ಕಂಬದ ಕಡೆಗೆ ಅಡ್ಡ ಕಟ್ಟಿದಳು. ವಾರದ ನಂತರ ಫೋನು ಬಂತು: ಐದು ಮಿಡಿ ನಿಂತಿವೆಯಂತೆ. ನಾನು ಸವರಿದ್ದವೋ, ಸೀರೆಯ ಮರೆಯಲ್ಲಿ ಪತಂಗ ಬಂದು ಹೋಗಿದ್ದವೋ, ಅವಳು ಗುರುತು ಹಾಕಿಟ್ಟಿರಲಿಲ್ಲ.